ಶಾನುಭೋಗರ ಮಗ ಶಾನುಭೋಗ

ಹೋದ ವರ್ಷ ಪುಣೆಯ ಒಬ್ಬ ವಕೀಲರ ಕಚೇರಿಯಿಂದ ಅನುವಾದಕ್ಕೆಂದು ನನಗೆ ಒಂದು ಕಟ್ಟು ಕಾಗದ ಬಂತು. ಧಾರವಾಡದ ಕಡೆಯ ಒಂದು ಹಳ್ಳಿಯ ಪಾಟೀಲಕಿ ವತನದ ಜಮೀನಿನದು. ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಈಗ ಪುಣೆಯಲ್ಲೂ ಹುಬ್ಬಳ್ಳಿಯಲ್ಲೂ ಹಂಚಿಹೋಗಿದ್ದಾರೆ, ಜಮೀನು ಮಾತ್ರ ಹಂಚಿಲ್ಲ. ವತನದ ಆಸ್ತಿ ಒಮ್ಮೆ ಕುಟುಂಬಕ್ಕೆ ಮರುಮಂಜೂರಾದ ಮೇಲೆ ಅದು ಹಿರಿಯ ಮಗನೊಬ್ಬನದೇ ಅಲ್ಲ, ಎಲ್ಲರಿಗೂ ಪಾಲಿದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಕುಂದಗೋಳದ ದೇಸಗತಿ ಪ್ರಕರಣದಲ್ಲಿ ಹೇಳಿಯಾಗಿದೆ. ಹಾಗಾಗಿ ಇಂಥ ದಾವೆಗಳಿಗೆ ಬರವಿಲ್ಲ, ನನ್ನಂಥವರಿಗೆ ಕೆಲಸಕ್ಕೂ ಬರವಿಲ್ಲ.

ಆ ಕಟ್ಟಿನಲ್ಲಿ ಅಂಚು ತಿಂದುಹೋದ ಒಂದು ಹಾಳೆ ಇತ್ತು. ಗೆರೆ ಎಳೆದ ಪಟ್ಟಿ. ಒಂದು ಕಾಲಂನಲ್ಲಿ ವತನದಾರನ ಹೆಸರು, ಅದರ ಪಕ್ಕದಲ್ಲಿ ಕೆಲಸ ಮಾಡುವವನ ಹೆಸರು. ಮೊದಲನೆಯದರಲ್ಲಿ ಒಂದೇ ಮನೆತನದ ಹೆಸರುಗಳು ಅಪ್ಪ, ಮಗ, ಮೊಮ್ಮಗ ಎಂದು ಇಳಿಯುತ್ತಾ ಹೋಗಿದ್ದವು. ಎರಡನೆಯದರಲ್ಲಿ ಬೇರೆ ಬೇರೆ ಜನ, ಕೆಲವರಿಗೆ ಅಡ್ಡಹೆಸರೂ ಇಲ್ಲ. ಹುದ್ದೆ ಒಬ್ಬನದು, ದುಡಿಮೆ ಇನ್ನೊಬ್ಬನದು ಎಂಬುದನ್ನು ಸರಕಾರವೇ ಇಷ್ಟು ಅಚ್ಚುಕಟ್ಟಾಗಿ ಗೆರೆ ಹಾಕಿ ಬರೆದಿಟ್ಟಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ನಮ್ಮ ಊರುಗಳ ಆಡಳಿತಕ್ಕೆ ಜನರನ್ನು ಹೇಗೆ ಆರಿಸುತ್ತಿದ್ದರು, ಅದು ಹೇಗೆ ಬದಲಾಯಿತು ಎಂದು ಓದಲು ಶುರುಮಾಡಿದ್ದು ಆ ಹಾಳೆಯಿಂದ.

ಮೊದಲು ಹೆಸರುಗಳು. ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದಿಷ್ಟು ಜನ ಕುಲಕರ್ಣಿಗಳು, ಪಾಟೀಲರು, ದೇಸಾಯಿಗಳು, ನಾಡಗೌಡರು, ತಳವಾರರು, ವಾಲಿಕಾರರು ಇದ್ದೇ ಇರುತ್ತೀರಿ. ಇವೆಲ್ಲ ಒಂದು ಕಾಲಕ್ಕೆ ಸ್ಥಳೀಯ ಆಡಳಿತದ ಹುದ್ದೆಗಳು. ಪುಣೆಯ ಯಾವುದಾದರೂ ಹೌಸಿಂಗ್ ಸೊಸೈಟಿಯ ಹೆಸರಿನ ಫಲಕ ನೋಡಿದರೆ ಹಳೆಯ ತಾಲೂಕಿನ ಸಿಬ್ಬಂದಿ ಪಟ್ಟಿ ಓದಿದ ಹಾಗಾಗುತ್ತದೆ. ಕುಲಕರ್ಣಿಯ ‘ಕರಣಿ’ಯೂ ತೆಲುಗಿನ ‘ಕರಣಂ’ ಕೂಡ ಬರಹ, ದಸ್ತಾವೇಜು ಎಂಬರ್ಥದ ಕರಣದಿಂದಲೇ ಬಂದವು. ಹಳೇ ಮೈಸೂರಿನಲ್ಲಿ ಅದೇ ಕೆಲಸ ಮಾಡುತ್ತಿದ್ದವನು ಶಾನುಭೋಗ, ಶಾಸನಗಳಲ್ಲಿ ಸಿಗುವ ಸೇನಬೋವ. ಇನ್ನು ‘ವತನ’ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಅದಕ್ಕೆ ತಾಯ್ನಾಡು ಎಂದರ್ಥ. ನಮ್ಮಲ್ಲಿಗೆ ಬರುವಷ್ಟರಲ್ಲಿ ವಂಶದಿಂದ ವಂಶಕ್ಕೆ ಇಳಿಯುವ ಹುದ್ದೆ, ಜೊತೆಗೆ ಅದಕ್ಕೆ ಅಂಟಿಕೊಂಡ ಜಮೀನು ಎಂದಾಯಿತು. ಕೆಲಸವನ್ನೇ ತಾಯ್ನಾಡು ಅಂದುಕೊಂಡವನನ್ನು ಅದರಿಂದ ಬಿಡಿಸುವುದು ಸುಲಭವೇ?

ಶಾನುಭೋಗ ಮಾಡುತ್ತಿದ್ದ ಕೆಲಸ ಸಣ್ಣದಲ್ಲ. ಯಾವ ಹೊಲ ಯಾರದು, ಎಷ್ಟು ಕಂದಾಯ, ಎಷ್ಟು ಬಾಕಿ, ಯಾರು ಸತ್ತರು, ಖಾತೆ ಯಾರಿಗೆ ಹೋಗಬೇಕು, ಈ ಸಲ ಎಷ್ಟು ಎಕರೆಯಲ್ಲಿ ಏನು ಬೆಳೆದಿದೆ, ಎಲ್ಲಕ್ಕೂ ಅವನದೇ ಲೆಕ್ಕ. ವರ್ಷಕ್ಕೊಮ್ಮೆ ಜಮಾಬಂದಿಗೆ ಪುಸ್ತಕಗಳನ್ನು ಹೊತ್ತು ಹೋಗಿ ಸಾಹೇಬರ ಎದುರು ಒಪ್ಪಿಸಬೇಕು. ಸರಕಾರ ಕೊಡುವ ಪೋಟಗಿ ಅತ್ಯಲ್ಪ. ಅದಕ್ಕೆ ಬದಲಾಗಿ ಕೆಲವೆಡೆ ಉಂಬಳಿ ಜಮೀನು, ಸುಗ್ಗಿಯಲ್ಲಿ ಕಣದಿಂದ ಬರುವ ಕಾಳು. ಹಳೆಯ ಕಾಲದಲ್ಲಿ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಲು ಬಳಿದು, ಕಪ್ಪು ಮಾಡಿ, ಮಡಿಸಿ, ಬಳಪದಿಂದ ಬರೆಯುವುದು. ಇವತ್ತಿಗೂ ನಾವು ಕಚೇರಿಯ ಫೈಲಿಗೆ ‘ಕಡತ’ ಎನ್ನುವುದು ಅದರಿಂದಲೇ.

ಮುಖ್ಯ ಸಂಗತಿ ಎಂದರೆ ಆ ಕಡತಗಳು ಇದ್ದದ್ದು ಕಚೇರಿಯಲ್ಲಲ್ಲ, ಶಾನುಭೋಗರ ಮನೆಯ ಅಟ್ಟದ ಮೇಲೆ. ಬರವಣಿಗೆಯ ಮೋಡಿ, ಸಂಕ್ಷೇಪಾಕ್ಷರಗಳು, ಯಾವ ಸರ್ವೆ ನಂಬರು ಯಾವ ಹುಣಸೆಮರದ ಪಕ್ಕ ಎಂಬ ಜ್ಞಾನ ಎಲ್ಲವೂ ಅಪ್ಪನಿಂದ ಮಗನಿಗೆ ಜಗುಲಿಯ ಮೇಲೆ ಕೂತೇ ದಾಟಬೇಕು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೀಮೆಯ ಕಲೆಕ್ಟರನಾಗಿದ್ದಾಗ ರೈತರ ಜೊತೆ ನೇರವಾಗಿ ಕಂದಾಯ ನಿಗದಿ ಮಾಡುವ ರೈತವಾರಿ ಪದ್ಧತಿಯನ್ನು ಕಟ್ಟಿದನಲ್ಲ, ಆ ‘ನೇರ’ದ ನಡುವೆಯೂ ಕರಣಿಕನೊಬ್ಬ ಕೂತೇ ಇದ್ದ. ಅವನ ಲೆಕ್ಕ ಸುಳ್ಳಿರಬಹುದೆಂಬ ಅನುಮಾನ ಕಂಪನಿಯವರಿಗೆ ಯಾವಾಗಲೂ ಇತ್ತು. ಅವನನ್ನು ಬಿಟ್ಟು ಲೆಕ್ಕ ಓದಬಲ್ಲವರು ಬೇರೆ ಇರಲಿಲ್ಲ. ವಂಶಪಾರಂಪರ್ಯ ಉಳಿದದ್ದಕ್ಕೆ ಜಾತಿ ಒಂದು ಕಾರಣ, ಸಂಪ್ರದಾಯ ಒಂದು ಕಾರಣ. ಮಾಹಿತಿ ಒಂದು ಮನೆಯೊಳಗೆ ಇದ್ದದ್ದು ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದದ್ದು.

ಇದನ್ನು ಅರ್ಥ ಮಾಡಿಕೊಳ್ಳಲು ಕಾಯಿದೆ ಪುಸ್ತಕಕ್ಕಿಂತ ಒಳ್ಳೆಯ ದಾರಿ ಭೈರಪ್ಪನವರ ‘ಗೃಹಭಂಗ’. ನಿಮ್ಮಲ್ಲಿ ಬಹುಪಾಲು ಜನ ಓದಿರುತ್ತೀರಿ, ಇಲ್ಲವೇ ಧಾರಾವಾಹಿಯಾಗಿ ನೋಡಿರುತ್ತೀರಿ. ಶಾನುಭೋಗಿಕೆ ಹಿರಿಯ ಮಗ ಚೆನ್ನಿಗರಾಯನಿಗೆ ಬರುತ್ತದೆ. ಅವನಿಗೆ ಲೆಕ್ಕ ಬರೆಯಲು ಬಾರದು, ಕಲಿಯುವ ಮನಸ್ಸೂ ಇಲ್ಲ. ಲೆಕ್ಕ ಬರೆಯುವವಳು ಅವನ ಹೆಂಡತಿ ನಂಜಮ್ಮ. ಕಂದಾಯದ ಪುಸ್ತಕಗಳನ್ನು ಗೆರೆ ಹಾಕಿ, ಕೂಡಿ, ಕಳೆದು ಸಿದ್ಧಮಾಡುವುದು ಅವಳು, ಶಾನುಭೋಗರು ಅನ್ನಿಸಿಕೊಳ್ಳುವುದು ಅವನು. ಆ ಕಾದಂಬರಿಯನ್ನು ನಾವು ಒಬ್ಬ ಹೆಣ್ಣುಮಗಳ ಸಂಕಟದ ಕಥೆಯಾಗಿ ಓದುತ್ತೇವೆ, ಅದು ಸರಿಯೇ. ಈಚೆಗೆ ಮತ್ತೆ ಓದಿದಾಗ ನನಗೆ ಅದು ಸರಕಾರಿ ನೇಮಕಾತಿಯ ಕಥೆಯಾಗಿಯೂ ಕಂಡಿತು. ಆ ಊರಿನಲ್ಲಿ ಆ ಹುದ್ದೆಗೆ ಅತ್ಯಂತ ಅರ್ಹ ವ್ಯಕ್ತಿ ಹುದ್ದೆಯಿರುವ ಮನೆಯೊಳಗೇ ಇದ್ದಾಳೆ, ಆದರೂ ಹುದ್ದೆ ಅವಳದಾಗುವ ದಾರಿಯೇ ಇಲ್ಲ. ನನ್ನ ಹಾಳೆಯ ಎರಡನೇ ಕಾಲಂನಲ್ಲಿ ಗಂಡಸು ಗುಮಾಸ್ತನ ಹೆಸರಾದರೂ ಇತ್ತು. ನಂಜಮ್ಮನಂಥವರ ಹೆಸರಿಗೆ ಆ ಕಾಲಂ ಕೂಡ ಇರಲಿಲ್ಲ.

ಕಾದಂಬರಿ ಉತ್ಪ್ರೇಕ್ಷೆ ಮಾಡಿಲ್ಲ. ಮುಂಬಯಿ ಪ್ರಾಂತ್ಯದ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ, ಅಂದರೆ ಜನ ವತನ ಕಾಯಿದೆ ಎನ್ನುತ್ತಿದ್ದದ್ದಕ್ಕೆ, 1886ರಲ್ಲಿ ಒಂದು ತಿದ್ದುಪಡಿ ಬಂತು. ಕೊನೆಯ ವತನದಾರನ ವಿಧವೆಯನ್ನು ಬಿಟ್ಟರೆ ಮನೆತನದ ಬೇರೆ ಯಾವ ಹೆಣ್ಣುಮಗಳ ಸರದಿಯೂ ಎಲ್ಲ ಗಂಡಸರ ಸರದಿ ಮುಗಿದ ಮೇಲೆಯೇ. ಮದರಾಸಿನ 1895ರ ಕಾಯಿದೆಯಲ್ಲಿ ವಾರಸುದಾರ ಚಿಕ್ಕ ಹುಡುಗನಾಗಿದ್ದರೆ ಅವನ ಹೆಸರನ್ನು ನೋಂದಾಯಿಸಿಕೊಂಡು, ಅವನು ದೊಡ್ಡವನಾಗಿ ಅರ್ಹತೆ ಪಡೆಯುವವರೆಗೆ ಬೇರೊಬ್ಬನಿಂದ ಕೆಲಸ ಮಾಡಿಸಬೇಕು. ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮ ಹುದ್ದೆಗಳ ಕಾಯಿದೆ ಇತ್ತು. ಇದೇ ಮೈಸೂರಿನಲ್ಲಿ ಮೇಲಿನ ಹುದ್ದೆಗಳಿಗೆ 1891ರಿಂದಲೇ ಸಿವಿಲ್ ಸರ್ವಿಸ್ ಪರೀಕ್ಷೆ ನಡೆಯುತ್ತಿತ್ತು. ಸರಕಾರಿ ನೌಕರಿ ಒಂದೇ ಜಾತಿಯ ಕೈಯಲ್ಲಿದೆ ಎಂಬ ದೂರಿನ ಮೇಲೆ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಕೂತು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಹೇಳಿತು. ಅಷ್ಟೆಲ್ಲ ಆದರೂ ಹಳ್ಳಿಯ ಜಗುಲಿಯ ಮೇಲಿನ ಶಾನುಭೋಗ 1908ರ ಕಾಯಿದೆಯ ನೆರಳಿನಲ್ಲಿ ಕದಲದೆ ಕೂತಿದ್ದ. ಬದಲಾವಣೆ ಬೆಂಗಳೂರು, ಮೈಸೂರಿನ ಕಚೇರಿಗಳಿಗೆ ಬಂದಷ್ಟು ಬೇಗ ಊರೊಳಗೆ ಬರಲಿಲ್ಲ.

ಹಿಂದೆಲ್ಲ ಹೀಗೇ ಇತ್ತು ಎಂದುಕೊಂಡರೂ ತಪ್ಪು. ಚೆನ್ನೈಯಲ್ಲಿರುವವರು ಒಂದು ಭಾನುವಾರ ಉತ್ತರಮೇರೂರಿಗೆ ಹೋಗಿಬನ್ನಿ, ಸುಮಾರು 90 ಕಿಲೋಮೀಟರು. ಒಂದನೆಯ ಪರಾಂತಕ ಚೋಳನ ಕಾಲದ, 919 ಮತ್ತು 921ರ ಶಾಸನಗಳು ಅಲ್ಲಿನ ದೇವಸ್ಥಾನದ ಗೋಡೆಯ ಮೇಲಿವೆ. ಓಲೆಯಲ್ಲಿ ಹೆಸರು ಬರೆದು ಕೊಡದೊಳಗೆ ಹಾಕಿ, ಚಿಕ್ಕ ಹುಡುಗನ ಕೈಯಿಂದ ಎತ್ತಿಸುವ ಕುಡವೋಲೈ ಪದ್ಧತಿಗೆ ಅವು ಹೆಸರುವಾಸಿ. ವಯಸ್ಸು 35ರಿಂದ 70, ಕಂದಾಯ ಕಟ್ಟುವ ಕಾಲು ವೇಲಿ ಜಮೀನು, ಸ್ವಂತ ಜಾಗದಲ್ಲಿ ಮನೆ, ಹಿಂದಿನ ಮೂರು ವರ್ಷ ಯಾವ ಸಮಿತಿಯಲ್ಲೂ ಇದ್ದಿರಬಾರದು ಎಂಬ ಷರತ್ತುಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಬ್ರಾಹ್ಮಣರ ಸಭೆ, ಭೂಮಿ ಇದ್ದವರ ಸಭೆ ಎಂಬುದನ್ನು ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ನನಗೆ ಹಿಡಿಸಿದ್ದು ಶಾಸನದ ಕೊನೆಗೆ ಬರುವ, ಯಾರೂ ಹೆಚ್ಚು ಗಮನಿಸದ ಒಂದು ನಿಯಮ. ಊರಿನ ಲೆಕ್ಕಿಗ ತಾನು ಬರೆದ ಲೆಕ್ಕವನ್ನು ತಾನೇ ಸಮಿತಿಯ ದೊಡ್ಡವರ ಮುಂದೆ ಒಪ್ಪಿಸಿ, ತಪ್ಪಿಲ್ಲ ಎನಿಸಿಕೊಳ್ಳುವವರೆಗೆ ಅವನನ್ನು ಆ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳುವಂತಿಲ್ಲ. ಅವನ ಲೆಕ್ಕ ಮುಗಿಸಲು ಇನ್ನೊಬ್ಬ ಲೆಕ್ಕಿಗನನ್ನು ಇಡುವಂತೆಯೂ ಇಲ್ಲ. ಸಾವಿರದ ನೂರು ವರ್ಷ ಹಿಂದೆ ಲೆಕ್ಕಿಗನ ಕೆಲಸ ಒಪ್ಪಿಸಿದ ಲೆಕ್ಕದ ಮೇಲೆ ನಿಂತಿತ್ತು. 1895ರ ಮದರಾಸಿನಲ್ಲಿ ಅದು ಹುಟ್ಟಿನ ಮೇಲೆ ನಿಂತಿತ್ತು.

ಆ 1895ರ ಕಾಯಿದೆಗೆ ಕೊಡಲಿಪೆಟ್ಟು ಬಿದ್ದದ್ದು ಒಂದು ಪುಟ್ಟ ಊರಿನ ಜಗಳದಿಂದ. ಆಂಧ್ರದ ಗುಂಟೂರು ಜಿಲ್ಲೆ, ತೆನಾಲಿ ತಾಲೂಕು. ಪೆರವಲಿ ಎಂಬ ಊರನ್ನು ಒಡೆದು ಪೆರವಲಿಪಾಲೆಂ ಎಂಬ ಇನ್ನೊಂದು ಗ್ರಾಮ ಮಾಡಿದರು. ಹೊಸ ಊರಿಗೊಬ್ಬ ಗ್ರಾಮ ಮುನ್ಸೀಫ ಬೇಕು. ತೆನಾಲಿಯ ಕಂದಾಯ ವಿಭಾಗಾಧಿಕಾರಿ ಅರ್ಜಿ ಕರೆದ, ಹಲವರು ಹಾಕಿದರು. ಅವರಲ್ಲಿ ಗಾಜುಲ ದಶರಥರಾಮರಾವ್ ಎಂಬವರನ್ನು ಆತ ನೇಮಿಸಿದ. ಸೋತವರಲ್ಲೊಬ್ಬ ಜಿಲ್ಲಾ ಕಲೆಕ್ಟರ್ ಹತ್ತಿರ ಹೋದ. ಅವನ ವಾದ ಸರಳ: ನಾನು ಹಳೆ ಪೆರವಲಿಯ ಮುನ್ಸೀಫನ ಮಗ. ಕಲೆಕ್ಟರ್ ಕಾಯಿದೆ ತೆಗೆದು ನೋಡಿದರೆ ಆರನೆಯ ಕಲಮು ಅವನ ಪರವಾಗಿಯೇ ಇದೆ. ಊರುಗಳನ್ನು ಕೂಡಿಸಿದಾಗ ಅಥವಾ ಒಡೆದಾಗ ಹೊಸ ಹುದ್ದೆಗೆ ಅತ್ಯಂತ ಅರ್ಹನನ್ನು ಆರಿಸಬೇಕು, ಆದರೆ ಹಳೆಯ ಹುದ್ದೆದಾರರ ಮನೆತನಗಳ ಒಳಗಿನಿಂದ ಮಾತ್ರ. ದಶರಥರಾಮರಾವ್ ಕೆಲಸ ಹೋಯಿತು, ಮಗನಿಗೆ ಸಿಕ್ಕಿತು.

ಆ ಕಲಮಿನ ವಾಕ್ಯರಚನೆ ನೋಡಿ. ಮೊದಲರ್ಧದಲ್ಲಿ ಅರ್ಹತೆ, ಉಳಿದರ್ಧದಲ್ಲಿ ಅದಕ್ಕೊಂದು ಬೇಲಿ. ನೇಮಕಾತಿ ನಿಯಮಗಳನ್ನು ಓದುವವರು ಯಾವಾಗಲೂ ಎರಡನೇ ಅರ್ಧ ನೋಡಬೇಕು ಎಂದು ನನಗನ್ನಿಸಿದ್ದು ಇಲ್ಲೇ.

ಮೇಲ್ಮನವಿಗಳ ಏಣಿಯೆಲ್ಲ ಹತ್ತಿ ಇಳಿದ ಮೇಲೆ ಆತ ನೇರ ಸುಪ್ರೀಂ ಕೋರ್ಟಿಗೆ ಹೋದರು. ಒಂದು ಊರಿನ, ಅದೂ ಅರ್ಧ ಊರಿನ, ಮುನ್ಸೀಫಿಕೆಗೆ ಐವರು ನ್ಯಾಯಮೂರ್ತಿಗಳ ಪೀಠ ಕೂತಿತು. ಗ್ರಾಮದ ಹುದ್ದೆ ಎಂಬುದು ಆ ಮನೆತನಕ್ಕೆ ತಲೆತಲಾಂತರದಿಂದ ಬಂದ ಹಕ್ಕು, ಒಂದು ಬಗೆಯ ಆಸ್ತಿ, ಉಳಿದ ಸರಕಾರಿ ನೌಕರಿಗಳ ಅಳತೆ ಅದಕ್ಕೆ ಹೊಂದುವುದಿಲ್ಲ ಎಂಬ ಧಾಟಿಯ ವಾದ ಸರಕಾರದ ಕಡೆಯಿಂದ ಬಂತು. ಕೋರ್ಟು ಒಪ್ಪಲಿಲ್ಲ. ನೇಮಿಸುವುದು ಕಲೆಕ್ಟರ್, ಸಂಭಾವನೆ ಸರಕಾರದ್ದು, ತಪ್ಪು ಮಾಡಿದರೆ ತೆಗೆದುಹಾಕುವವರೂ ಅವರೇ, ಅಂದ ಮೇಲೆ ಇದು ಸರಕಾರದ ಅಡಿಯ ಹುದ್ದೆಯೇ. ಸಂವಿಧಾನದ 16ನೇ ವಿಧಿ ಇದಕ್ಕೂ ಅನ್ವಯಿಸುತ್ತದೆ. 15ನೇ ವಿಧಿಯ ಪಟ್ಟಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ. ಸರಕಾರಿ ನೌಕರಿಗೆ ಸಂಬಂಧಿಸಿದ 16ನೇ ವಿಧಿಯಲ್ಲಿ ಮಾತ್ರ ಇನ್ನೆರಡು ಸೇರಿವೆ: ವಾಸಸ್ಥಳ ಮತ್ತು ವಂಶ. ಆ ‘ವಂಶ’ ಎಂಬ ಒಂದೇ ಪದದ ಮೇಲೆ ತೀರ್ಪು ನಿಂತಿತು. 1960ರ ಡಿಸೆಂಬರ್ 6ರಂದು ಆ ಕಲಮು ಅಸಿಂಧುವಾಯಿತು.

ಮುಂದಿನ ಕಥೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಮುಂಬಯಿ ಸರಕಾರ ಕುಲಕರ್ಣಿ ವತನಗಳನ್ನು ಅದಾಗಲೇ 1951ರ ಮೇ 1ರಿಂದ ರದ್ದು ಮಾಡಿತ್ತು. ಸಂಬಳದ ತಲಾಠಿ ಅಲ್ಲಿ ಇನ್ನೂ ಮೊದಲೇ ಬಂದಿದ್ದ. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ತೋಟಿ ಎಲ್ಲರ ವಂಶದ ಹಕ್ಕೂ ಒಂದೇ ದಿನ ಮುಗಿಯಿತು. ಹುದ್ದೆ ಕಳೆದುಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು, 1966ರಲ್ಲಿ ಸೋತರು. ತಮಿಳುನಾಡಿನಲ್ಲಿ ವಂಶದ ಹಕ್ಕು ಹೋದರೂ ಅರೆಕಾಲಿಕ ಕರಣಂ, ಮುನ್ಸೀಫರು ಉಳಿದಿದ್ದರು. 1980ರ ನವೆಂಬರಿನಲ್ಲಿ ಎಂಜಿಆರ್ ಸರಕಾರ ಸುಗ್ರೀವಾಜ್ಞೆ ತಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುದ್ದೆಗಳನ್ನು ಒಂದೇ ಏಟಿಗೆ ರದ್ದು ಮಾಡಿ, ಪೂರ್ಣಾವಧಿಯ ಗ್ರಾಮ ಆಡಳಿತಾಧಿಕಾರಿಗಳನ್ನು ತಂದಿತು. 1984ರ ಜನವರಿಯಲ್ಲಿ ಎನ್‌ಟಿಆರ್ ಆಂಧ್ರದಲ್ಲಿ ಅದನ್ನೇ ಮಾಡಿದರು. ಹೈದರಾಬಾದಿನ ಹಿರಿಯರನ್ನು ಕೇಳಿದರೆ ಪಟೇಲ್–ಪಟ್ವಾರಿ ಹೋದದ್ದನ್ನು ಇಂದಿಗೂ ಹಬ್ಬದಂತೆ ನೆನೆಯುವವರು ಸಿಗುತ್ತಾರೆ, ಅನ್ಯಾಯವೆಂದು ಗೊಣಗುವವರೂ ಸಿಗುತ್ತಾರೆ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡಬೇಕು. ನನ್ನ ತಾಯಿಯ ತಾತ ತುಮಕೂರು ಕಡೆಯ ಶಾನುಭೋಗರು. ಶಾನುಭೋಗಿಕೆ ಹೋದ ವರ್ಷ ಪುಸ್ತಕಗಳನ್ನೆಲ್ಲ ಎತ್ತಿನ ಗಾಡಿಗೆ ಹೇರಿ ತಾಲೂಕು ಕಚೇರಿಗೆ ಒಪ್ಪಿಸಿ ಬಂದ ದಿನ ಅವರು ಊಟ ಮಾಡಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿ ಕಣ್ಣು ತುಂಬಿಕೊಂಡಿದ್ದೆ. ಅದೇ ಕಥೆಯ ಇನ್ನೊಂದು ತುದಿ ತಿಳಿದದ್ದು ಬಹಳ ತಡವಾಗಿ. ಹುದ್ದೆ ಹೋಯಿತು, ಹುದ್ದೆಗೆಂದು ಕೊಟ್ಟಿದ್ದ ಜಮೀನು ಮರುಮಂಜೂರಾತಿಯಲ್ಲಿ ಮನೆಗೇ ಬಂತು. ಅದನ್ನು ಮಾರಿದ ದುಡ್ಡಿನಲ್ಲಿ ದೊಡ್ಡಮಾವ ಎಂಜಿನಿಯರ್ ಆದರು, ಅವರ ಹಿಂದೆ ಒಬ್ಬೊಬ್ಬರೇ ಊರು ಬಿಟ್ಟರು. ಲೆಕ್ಕ ಬರೆಯಲು ಜೊತೆಗಿದ್ದ ಗುಮಾಸ್ತನೊಬ್ಬ ಇದ್ದನಂತೆ. ಅವನಿಗೇನಾಯಿತು ಎಂದು ಅಮ್ಮನನ್ನು ಕೇಳಿದೆ. “ಅವನಿಗೇನಾಗ್ಬೇಕು, ಅವನದ್ದು ಹುದ್ದೆಯಲ್ಲವಲ್ಲೇ” ಅಂದರು.

ಇದೆಲ್ಲ ಮೇಲಿನ ಹುದ್ದೆಗಳ ಮಾತಾಯಿತು. ವತನದ ಕೆಳಗಿನ ಮೆಟ್ಟಿಲಿನಲ್ಲಿದ್ದವರಿಗೆ ವಂಶಪಾರಂಪರ್ಯ ಎಂದರೆ ಹಕ್ಕಲ್ಲ, ಹಗ್ಗ. ಮಹಾರ ವತನದವನು ಸರಕಾರಿ ಕಾಗದ ಒಯ್ಯಬೇಕು, ಅಧಿಕಾರಿ ಬಂದರೆ ದಾರಿ ತೋರಿಸಬೇಕು, ಹಗಲು ರಾತ್ರಿ ಎನ್ನದೆ ಕರೆದಾಗ ಓಡಬೇಕು, ಅವನು ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. ಇಷ್ಟಕ್ಕೆ ತುಂಡು ಜಮೀನು, ಊರವರು ಕೊಟ್ಟ ಕಾಳು. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 1874ರ ಕಾಯಿದೆಗೆ ತಿದ್ದುಪಡಿ ಮಸೂದೆ ಮಂಡಿಸಿದ್ದು ಈ ಕಾರಣಕ್ಕೆ. ಬೇಡದವನಿಗೆ ವತನದಿಂದ ಬಿಡುಗಡೆ ಇರಲಿ, ಮಾಡುವವನಿಗೆ ಸರಿಯಾದ ಸಂಬಳ ಇರಲಿ ಎಂಬುದು ಅದರ ತಿರುಳು. ಅದು ಕಾಯಿದೆಯಾಗಲಿಲ್ಲ. ಮುಂಬಯಿ ರಾಜ್ಯದಲ್ಲಿ ಕೆಳಸ್ತರದ ವತನಗಳು ರದ್ದಾಗಲು 1958ರ ಕಾಯಿದೆಯೇ ಬೇಕಾಯಿತು, ಕುಲಕರ್ಣಿ ವತನ ರದ್ದಾಗಿ ಎಷ್ಟೋ ವರ್ಷಗಳ ಮೇಲೆ. ನಮ್ಮಲ್ಲಿ ತಳವಾರ, ತೋಟಿಯ ಕೆಲಸವನ್ನು ಇವತ್ತು ಮಾಡುವವರು ಗ್ರಾಮ ಸಹಾಯಕರು. ಅವರು ಗೌರವಧನದ ಮೇಲೆ ದುಡಿಯುತ್ತಾರೆ, ‘ಡಿ’ ದರ್ಜೆ ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ಶಾನುಭೋಗನ ಕುರ್ಚಿಗೆ ಸಂಬಳದ ಶ್ರೇಣಿ ಬಂತು, ತೋಟಿಯ ಕೋಲಿಗೆ ಬರಲಿಲ್ಲ.

ಮುಂಬೈ, ಪುಣೆಯವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಲಾಡ್–ಪಾಗೆ ಸಮಿತಿಯ ಶಿಫಾರಸಿನಂತೆ ಮಹಾರಾಷ್ಟ್ರದ ನಗರಸಭೆಗಳಲ್ಲಿ ಸಫಾಯಿ ಕಾಮಗಾರ ನಿವೃತ್ತನಾದರೆ ಅಥವಾ ತೀರಿಕೊಂಡರೆ ಅವನ ವಾರಸುದಾರರಿಗೆ ಕೆಲಸ ಕೊಡುವ ಪದ್ಧತಿ ಇದೆ. ಪೆರವಲಿಪಾಲೆಂ ತೀರ್ಪನ್ನು ಓದಿದವರಿಗೆ ಇದು ಥಟ್ಟನೆ ಮುಳ್ಳಿನಂತೆ ಚುಚ್ಚುತ್ತದೆ. ಆದರೆ ಆ ಕೆಲಸಕ್ಕೆ ಬೇರೆ ಜಾತಿಯವರು ಸಾಲುಗಟ್ಟಿ ನಿಂತಿರಲಿಲ್ಲ. ಗುತ್ತಿಗೆದಾರನ ಬಾಯಿಗೆ ಬೀಳದೆ ಕಾಯಂ ಸಂಬಳ, ಕೆಲವೆಡೆ ತಲೆಯ ಮೇಲೊಂದು ಸೂರು ಉಳಿಸಿಕೊಳ್ಳಲು ಆ ಕುಟುಂಬಗಳಿಗೆ ಇದ್ದದ್ದು ಇದೊಂದೇ ದಾರಿ. ಅದೇ ದಾರಿ ಮಗನನ್ನೂ ಪೊರಕೆಗೇ ಕಟ್ಟಿಹಾಕುತ್ತದೆ ಎಂಬುದೂ ಅಷ್ಟೇ ನಿಜ. ನನಗೆ ಇಲ್ಲಿ ಪಟ್ಟನೆ ತೀರ್ಪು ಹೇಳಲು ಆಗುವುದಿಲ್ಲ. ಶಾನುಭೋಗರ ಮನೆಯಿಂದ ಬಂದವಳಿಗೆ ಹೇಳುವ ಹಕ್ಕೂ ಕಡಿಮೆ.

ಶಾನುಭೋಗ ಹೋದ ಮೇಲೆ ಕರ್ನಾಟಕದಲ್ಲಿ ಗ್ರಾಮಲೆಕ್ಕಿಗ ಬಂದ. ಬಹುಕಾಲ ಅವನ ಆಯ್ಕೆ ಜಿಲ್ಲಾವಾರು, ಪಿಯುಸಿ ಅಂಕದ ಮೇಲೆ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಅಂಕಪಟ್ಟಿಯೇ ತೀರ್ಪು. ಸಂದರ್ಶನ ಇಲ್ಲದ್ದರಿಂದ ಲಂಚಕ್ಕೆ ಜಾಗ ಕಡಿಮೆ ಎಂಬುದು ಅದರ ದೊಡ್ಡ ಗುಣ. ಹದಿನೇಳನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರದಲ್ಲಿ ಎಷ್ಟು ಬಂತು ಎಂಬುದಕ್ಕೂ ಪೋಡಿ, ಪಹಣಿಗೂ ಏನು ಸಂಬಂಧ ಎಂಬ ಪ್ರಶ್ನೆ ಉಳಿದೇ ಇತ್ತು. 2024ರಲ್ಲಿ 1,000 ಹುದ್ದೆಗಳಿಗೆ ಅರ್ಜಿ ಕರೆದಾಗ ಅದು ಬದಲಾಯಿತು. ಹುದ್ದೆಯ ಹೆಸರು ಅಷ್ಟರಲ್ಲಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿತ್ತು. ಪರೀಕ್ಷಾ ಪ್ರಾಧಿಕಾರ ಲಿಖಿತ ಪರೀಕ್ಷೆ ನಡೆಸಿತು, ಅದಕ್ಕೂ ಮೊದಲು ಕಡ್ಡಾಯ ಕನ್ನಡ ಪರೀಕ್ಷೆ.

ಆದರೆ ಅಟ್ಟದ ಮೇಲಿನ ಕಡತವನ್ನು ನಿಜವಾಗಿ ಕೆಳಗಿಳಿಸಿದ್ದು ನೇಮಕಾತಿ ನಿಯಮಕ್ಕಿಂತ ಹೆಚ್ಚಾಗಿ ‘ಭೂಮಿ’ ಯೋಜನೆ ಎಂದು ನನಗನ್ನಿಸುತ್ತದೆ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು 2000ದ ಆಚೀಚೆ ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಬೆಲೆ ಹೋಯಿತು. 1963ರಲ್ಲಿ ವಂಶ ಹೋಗಿದ್ದರೂ ಪುಸ್ತಕ ಗ್ರಾಮಲೆಕ್ಕಿಗನ ಚೀಲದಲ್ಲೇ ಇತ್ತು. ರೈತ ಅವನನ್ನು ಹುಡುಕಿಕೊಂಡು ಹೋಗಬೇಕಿತ್ತು, ಕೈಬಿಸಿ ಮಾಡಬೇಕಿತ್ತು. ಯಾರನ್ನು ಆರಿಸುತ್ತೀರಿ ಎಂಬುದು ಎಷ್ಟು ಮುಖ್ಯವೋ ಆರಿಸಿದವನ ಚೀಲದಲ್ಲಿ ಏನಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ತೆಲಂಗಾಣ 2020ರಲ್ಲಿ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೇ ತೆಗೆದುಹಾಕಿ ನೋಡಿತು. 2025ರಲ್ಲಿ ಗ್ರಾಮ ಪಾಲನಾಧಿಕಾರಿ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಊರಿಗೆ ಒಬ್ಬ ಬೇಕೇ ಬೇಕು.

ಪುಣೆಯ ಆ ಹಾಳೆಗೆ ಬರುತ್ತೇನೆ. ಅನುವಾದದ ದರ ಮಾತಾಡುವಾಗ ವಕೀಲರ ಸಹಾಯಕ ಫೋನಿನಲ್ಲಿ, “ಮೇಡಂ, ಆ ಎರಡನೇ ಕಾಲಂ ಬಿಟ್ಟುಬಿಡಿ, ನಮ್ಮ ದಾವೆಗೆ ಅದು ಬೇಕಿಲ್ಲ” ಎಂದರು. ಪ್ರಮಾಣೀಕರಿಸಿದ ಅನುವಾದದಲ್ಲಿ ಹಾಗೆ ಕಾಲಂ ಬಿಡಲು ಬರುವುದಿಲ್ಲ ಎಂದೆ. “ಸರಿ, ಆದರೆ ಪದಗಳ ಎಣಿಕೆಗೆ ಅದನ್ನು ಸೇರಿಸಬೇಡಿ” ಎಂದರು. ಹನ್ನೊಂದು ಹೆಸರುಗಳು. ಎರಡು ಅರ್ಧ ಅಳಿಸಿಹೋಗಿದ್ದವು, ಕಂಡಷ್ಟನ್ನು ಬರೆದು, ಉಳಿದದ್ದು ಓದಲಾಗುತ್ತಿಲ್ಲ ಎಂದು ಅಡಿಯಲ್ಲಿ ಗುರುತು ಹಾಕಿ ಕಳಿಸಿದೆ. ಬಿಲ್ಲಿಗೆ ಸೇರಿಸಲಿಲ್ಲ.